ಐದು ಗುಳಿಗೆ ಸಾಲುವಷ್ಟು ನೆಲ



ಒಂದು ಗುಳಿಯ ಅಳತೆ ಹೇಳಿ ಮಾತು ಶುರುಮಾಡುತ್ತೇನೆ. ನಿಮ್ಮ ಅಂಗೈ ಚಾಚಿ. ಬೆರಳುಗಳನ್ನು ಕೂಡಿಸಿ. ಹೆಬ್ಬೆರಳನ್ನೂ ಪಕ್ಕಕ್ಕೆ ಒತ್ತಿಕೊಳ್ಳಿ. ಈಗ ಅಡ್ಡಲಾಗಿ ಎಷ್ಟು ಅಗಲವಿದೆಯೋ, ಹೆಚ್ಚುಕಡಿಮೆ ಅಷ್ಟು ಅಗಲದ ಬಾಯಿ. ಇಂಚಿನ ಲೆಕ್ಕದಲ್ಲಿ ನಾಲ್ಕೂಕಾಲು. ಆಳ ನಾಲ್ಕು ಇಂಚಿಗೆ ಕಡಿಮೆ ಇಲ್ಲ. ಪ್ರಪಂಚದ ಯಾವ ಮೂಲೆಗೆ ಹೋದರೂ ಗಾಲ್ಫ್ ಆಟದ ಗುಳಿ ಇಷ್ಟೇ. 1891ರಲ್ಲಿ ಸ್ಕಾಟ್ಲೆಂಡಿನಲ್ಲಿ ಈ ಅಳತೆ ನಿಗದಿಯಾಯಿತು. ಅದಕ್ಕೂ ಮುಂಚೆ ಎಲ್ಲ ಕಡೆಗೂ ಒಪ್ಪಿತವಾದ ಒಂದೇ ಅಳತೆ ಇರಲಿಲ್ಲ. ಎಷ್ಟೋ ಕಡೆ ಯಾರು ತೋಡಿದರೋ ಅವರ ಕೈಗೆ ಬಂದಷ್ಟು ಅಗಲ, ಅಷ್ಟೇ.

ಗಾಲ್ಫ್ ಎಂದ ಕೂಡಲೇ ನಮ್ಮ ಸೀಮೆಯವರಿಗೆ ನೆನಪಾಗುವುದು ಬಿಡದಿ. ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಬಿಡದಿಯ ಹತ್ತಿರ, ಈಗಲ್‌ಟನ್ ಎಂಬ ರೆಸಾರ್ಟ್ ಇದೆ. ಅದರೊಳಗೆ 18 ಗುಳಿಯ ಗಾಲ್ಫ್ ಮೈದಾನ. ಹತ್ತಿರದ ಹಳ್ಳಿಯ ಹುಡುಗನೊಬ್ಬ ಅಲ್ಲಿ ಚೆಂಡು ಹೆಕ್ಕುವ ಕೆಲಸಕ್ಕೆ ಸೇರಿದ. ಚೆಂಡು ಹೆಕ್ಕುತ್ತಲೇ ಆಟ ನೋಡಿದ. ವಿಜಯ್ ದಿವೇಚಾ ಎಂಬ ತರಬೇತುದಾರರ ಕಣ್ಣಿಗೆ ಬಿದ್ದ. ಕಲಿತ. ಬೆಳೆದ. ಚಿಕ್ಕರಂಗಪ್ಪ ಎಂಬ ಆ ಹೆಸರು ಇವತ್ತು ದೇಶದ ಗಾಲ್ಫ್ ಆಟಗಾರರ ಸಾಲಿನಲ್ಲಿದೆ. ವೃತ್ತಿಪರ ಪಂದ್ಯಾವಳಿಗಳಲ್ಲಿ ಅವರು ಹಲವು ಸಲ ಗೆದ್ದಿದ್ದಾರೆ. ನಮ್ಮ ಸೀಮೆಯ ಒಬ್ಬ ಹಳ್ಳಿಯ ಹುಡುಗ ಅಷ್ಟು ದೂರ ಹೋದನೆಂಬುದು ನನಗೆ ಬಹಳ ಸಂತೋಷದ ಸಂಗತಿ.

ಆದರೆ ಆ ಸಂತೋಷದ ಹಿಂದೆಯೇ ಒಂದು ಪ್ರಶ್ನೆಯೂ ಇದೆ. ಕಾಂಪೌಂಡಿನ ಒಳಗೆ ಕೆಲಸ ಸಿಕ್ಕಿದ್ದಕ್ಕೆ ಒಬ್ಬನಿಗೆ ಆಟ ಸಿಕ್ಕಿತು. ಹೊರಗೆ ಉಳಿದ ಮಕ್ಕಳ ಗತಿ ಏನು? ಅವರು ತಮ್ಮ ಊರಲ್ಲೇ, ತಮ್ಮ ಕೈಯಾರೆ, ನಾಲ್ಕಾರು ಗುಳಿ ತೋಡಿ ಈ ಆಟ ಆಡಬಹುದೇ? ಆಡಬಹುದು ಎಂಬುದೇ ನನ್ನ ಮಾತು. ಅದಕ್ಕೆ ಬೇಕಾದ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಇದೆ. ಈಗ ಕಡಿಮೆಯಾಗುತ್ತಿರುವುದು ಬೇರೆ ಒಂದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಈ ಆಟ ಹುಟ್ಟಿದ ಜಾಗಕ್ಕೆ ಹೋಗಿ ಬರೋಣ.

ಸ್ಕಾಟ್ಲೆಂಡಿನ ಕಡಲ ತೀರದಲ್ಲಿ ಸೇಂಟ್ ಆಂಡ್ರೂಸ್ ಎಂಬ ಸಣ್ಣ ಪಟ್ಟಣ. ಪಟ್ಟಣಕ್ಕೂ ಕಡಲಿಗೂ ನಡುವೆ ಉಬ್ಬುತಗ್ಗಿನ ಮರಳು ನೆಲ. ಬೆಳೆಗೆ ಬಾರದ ನೆಲ. ತೆಳ್ಳಗೆ ಹುಲ್ಲು. ಆ ನೆಲ ಊರಿನವರೆಲ್ಲರದು. ಅಲ್ಲಿ ಕುರಿ ಮೇಯುತ್ತಿದ್ದವು. ಹೆಂಗಸರು ಬಟ್ಟೆ ಒಗೆದು ಒಣಹಾಕುತ್ತಿದ್ದರು. ಮೊಲಗಳು ಬಿಲ ತೋಡುತ್ತಿದ್ದವು. ಅದರ ನಡುವೆಯೇ ಜನ ಕೋಲು ಹಿಡಿದು ಚೆಂಡು ಹೊಡೆಯುತ್ತಿದ್ದರು. 1552ರ ಒಂದು ಸನ್ನದಿನಲ್ಲಿ, ಊರಿನ ಜನಕ್ಕೆ ಆ ನೆಲದ ಮೇಲೆ ಗಾಲ್ಫ್ ಆಡುವ ಹಕ್ಕು ಉಂಟೆಂದು ಬರೆದುಕೊಡಲಾಗಿದೆ. ನಮ್ಮ ಮಾತಿನಲ್ಲಿ ಹೇಳಿದರೆ ಅದು ಊರಿನ ಗೋಮಾಳ.

ಗುಳಿಗಳ ಸಂಖ್ಯೆ ಕೂಡ ಮೊದಲಿನಿಂದ 18 ಆಗಿರಲಿಲ್ಲ. ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸುತ್ತಿಗೆ 22 ಗುಳಿ ಆಡುತ್ತಿದ್ದರು. 1764ರಲ್ಲಿ ಅದು 18ಕ್ಕೆ ಇಳಿಯಿತು. 1860ರಲ್ಲಿ ಓಪನ್ ಎಂಬ ಹೆಸರಾಂತ ಗಾಲ್ಫ್ ಪಂದ್ಯಾವಳಿ ಮೊದಲ ಸಲ ನಡೆದದ್ದು ಪ್ರೆಸ್ಟ್‌ವಿಕ್ ಎಂಬಲ್ಲಿ. ಅಲ್ಲಿದ್ದದ್ದು 12 ಗುಳಿ. ಎಡಿನ್‌ಬರೋ ಪಕ್ಕದ ಲೀತ್‌ನಲ್ಲಿ ಐದೇ ಐದು. ನೆಲ ಎಷ್ಟಿತ್ತೋ ಅಷ್ಟಕ್ಕೆ ತಕ್ಕ ಗುಳಿ. ಐದು ಗುಳಿಯ ಲೀತ್‌ನಲ್ಲೇ 1744ರಲ್ಲಿ ಈ ಆಟದ ಮೊದಲ ಲಿಖಿತ ನಿಯಮಗಳು ಹುಟ್ಟಿದವು. ಅವು 13.

ಆ ಹದಿಮೂರರಲ್ಲಿ ಮೊದಲನೆಯದನ್ನು ನೀವು ಕೇಳಬೇಕು. ಒಂದು ಗುಳಿ ಮುಗಿದ ಮೇಲೆ ಮುಂದಿನ ಹೊಡೆತಕ್ಕೆ ಚೆಂಡು ಎಲ್ಲಿಡಬೇಕು? ಆ ಗುಳಿಯಿಂದ ಒಂದು ಕೋಲಿನ ಉದ್ದದ ಒಳಗೆ. ಅಂದರೆ ಆಟದ ಕೋಲೇ ಅಳತೆಯ ಕೋಲು. ಚೆಂಡನ್ನು ಎತ್ತರಿಸಿ ಇಡಲು ಒಂದು ಚಿಟಿಕೆ ಮರಳು ಬೇಕಲ್ಲ, ಅದನ್ನು ಗುಳಿಯೊಳಗಿಂದಲೇ ತೆಗೆಯುತ್ತಿದ್ದರು. ಹೊತ್ತು ಇಳಿಯುವಷ್ಟರಲ್ಲಿ ಗುಳಿ ಮತ್ತಷ್ಟು ಆಳವಾಗಿರುತ್ತಿತ್ತು.

ಇದನ್ನು ಕೇಳಿದಾಗ ನಿಮಗೆ ಚಿನ್ನಿ ದಾಂಡು ನೆನಪಾಗಲಿಲ್ಲವೇ?

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಗಾಲ್ಫ್ ಹುಟ್ಟಿದ್ದು ಊರಿನ ಎಲ್ಲರ ನೆಲದ ಮೇಲೆ. ಗುಳಿ ಎಷ್ಟಿರಬೇಕೆಂಬುದನ್ನು ಆ ನೆಲವೇ ತೀರ್ಮಾನಿಸಿತು. ಈಗ ನಮ್ಮ ಊರಿಗೆ ಬರೋಣ.

ನಮ್ಮ ಕಡೆ ಆಟದ ಗುಳಿ ತೋಡುವುದು ಮಕ್ಕಳ ಕೆಲಸ. ದೊಡ್ಡವರು ಹೇಳಿಕೊಡುವುದಿಲ್ಲ. ದೊಡ್ಡ ಮಕ್ಕಳನ್ನು ನೋಡಿ ಚಿಕ್ಕವರು ಕಲಿಯುತ್ತಾರೆ. ಗೋಲಿ ಆಟದ ಗುಳಿಯನ್ನೇ ತೆಗೆದುಕೊಳ್ಳಿ. ಮಳೆ ಬಂದು ಒಂದೆರಡು ದಿನ ಕಳೆದಿರಬೇಕು. ಕೆಂಪು ಮಣ್ಣು ಅಂಟುವುದು ನಿಂತು, ಇನ್ನೂ ಗಟ್ಟಿಯಾಗದ ಹೊತ್ತು. ಆಗ ಹಿಮ್ಮಡಿ ಊರಿ, ಮೈಭಾರ ಹಾಕಿ, ಗಿರ್ರನೆ ತಿರುಗಬೇಕು. ನಾಲ್ಕು ಸುತ್ತಿಗೆ ಗುಳಿ ಬೀಳುತ್ತದೆ. ಎದ್ದ ಪುಡಿಮಣ್ಣನ್ನು ಅಂಗೈಯಿಂದ ಸವರಿ ತೆಗೆಯಬೇಕು. ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಕು. ಅಂಚು ಎದ್ದಿದ್ದರೆ ಗೋಲಿ ಹೊರಗೇ ನಿಲ್ಲುತ್ತದೆ. ಅಂಚು ಹೆಚ್ಚು ಇಳಿಜಾರಾದರೆ ಯಾರ ಗೋಲಿಯಾದರೂ ಒಳಗೆ ಬೀಳುತ್ತದೆ, ಆಟಕ್ಕೆ ರುಚಿ ಇರುವುದಿಲ್ಲ. ಈ ಎರಡರ ನಡುವಿನ ಹದ ಕೈಗೆ ಗೊತ್ತಿರಬೇಕು. ಗಾಲ್ಫ್ ಮೈದಾನ ನೋಡಿಕೊಳ್ಳುವವರು ಸಂಬಳ ತೆಗೆದುಕೊಂಡು ಮಾಡುವ ಕೆಲಸದ ತಿರುಳೂ ಇದೇ.

ಮೂರು ಗುಳಿಯ ಗೋಲಿ ಆಟದಲ್ಲಿ ಗುಳಿಗಳು ಒಂದೇ ಸಾಲಿನಲ್ಲಿ ಇರುತ್ತವೆ. ನಡುವೆ ಕೆಲವು ಹೆಜ್ಜೆ ದೂರ. ಹೆಬ್ಬೆರಳನ್ನು ನೆಲಕ್ಕೆ ಊರಿ, ನಡುಬೆರಳನ್ನು ಹಿಂದಕ್ಕೆ ಬಗ್ಗಿಸಿ ಗೋಲಿ ಚಿಮ್ಮಿಸುತ್ತಾರೆ. ಮೊದಲ ಗುಳಿ ತುಂಬಿದರೆ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಗುಳಿ ಸಿಕ್ಕಿದವನಿಗೆ ಇನ್ನೊಂದು ಏಟು ಸಿಗುತ್ತದೆ. ಎದುರಾಳಿಯ ಗೋಲಿಯನ್ನು ದೂರ ಹೊಡೆಯುವ ಹಕ್ಕೂ ಸಿಗುತ್ತದೆ. ಊರಿಂದೂರಿಗೆ ನಿಯಮ ಬೇರೆ. ಆದರೆ ಗುಳಿಯಿಂದ ಗುಳಿಗೆ ಸಾಗುವ ಈ ಪ್ರಯಾಣ ಎಲ್ಲ ಕಡೆಯೂ ಒಂದೇ. ಇದು ಕೂತು ಆಡುವ ಗಾಲ್ಫ್ ಎಂದರೆ ತಪ್ಪಿಲ್ಲ.

ಚಿನ್ನಿ ದಾಂಡಿನ ಗುಳಿ ಬೇರೆ ಆಕಾರದ್ದು. ಉದ್ದನೆಯದು, ಇಕ್ಕಟ್ಟು. ಎರಡು ತುದಿ ಚೂಪು ಮಾಡಿದ ಚಿನ್ನಿಯನ್ನು ಅದರ ಮೇಲೆ ಅಡ್ಡ ಇಟ್ಟು, ದಾಂಡಿನ ತುದಿಯಿಂದ ಮೀಟಿ ಹಾರಿಸುತ್ತಾರೆ. ದೂರ ಅಳೆಯುವಾಗಲೂ ಅದೇ ದಾಂಡು. ಅದನ್ನು ನೆಲದ ಮೇಲೆ ಮಗುಚಿ ಮಗುಚಿ ಲೆಕ್ಕ ಹಾಕುತ್ತಾ ಗುಳಿಯವರೆಗೆ ಬರುತ್ತಾರೆ. ಲೀತ್‌ನವರ ಮೊದಲ ನಿಯಮದ ನೆಂಟ ಇಲ್ಲಿದ್ದಾನೆ.

ಇನ್ನು ಅಳಗುಳಿ ಮನೆ. ಎರಡು ಸಾಲು, ಸಾಲಿಗೆ ಏಳು, ಒಟ್ಟು 14 ಗುಳಿ. ಹುಣಸೆ ಬೀಜ ಹಾಕಿ ಆಡುವುದು. ಮರದ ಮಣೆಯಲ್ಲೂ ಇದೆ, ದೇವಸ್ಥಾನದ ಕಲ್ಲುಹಾಸಿನ ಮೇಲೆ ಕೊರೆದದ್ದೂ ಇದೆ. ಕಲ್ಲಿನಲ್ಲಿ ಗುಳಿ ಕೊರೆದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಬೆರಳು ಆಡಿಸಿದರೆ ಅಂಚು ನಯವಾಗಿ ಸವೆದಿರುವುದು ತಿಳಿಯುತ್ತದೆ.

ಹೀಗೆ ಗುಳಿ ತೋಡುವುದು ನಮಗೆ ಹೊಸದಲ್ಲ. ಹಾಗಾದರೆ ಗುಳಿಯ ಸುತ್ತಲಿನ ನೆಲ? ಗಾಲ್ಫ್‌ನಲ್ಲಿ ಗುಳಿಯ ಸುತ್ತ ನುಣುಪಾದ ಹಸಿರು ಹುಲ್ಲು ಇರುತ್ತದೆ. ಚೆಂಡು ಅಲ್ಲಿ ಉರುಳಬೇಕು, ಪುಟಿಯಬಾರದು. ಅಂಥ ಹುಲ್ಲು ಬೆಳೆಸಲು ದಿನವೂ ನೀರು ಬೇಕು. 18 ಗುಳಿಯ ಮೈದಾನಕ್ಕೆ ಸುಮಾರು 100ರಿಂದ 150 ಎಕರೆ ಭೂಮಿ ಬೇಕು. ಬೇಸಿಗೆಯಲ್ಲಿ ಲಕ್ಷಗಟ್ಟಲೆ ಲೀಟರ್ ನೀರು ಬೇಕು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಇದನ್ನು ಯಾರೂ ಬಯಸಬಾರದು. ನಾನೂ ಬಯಸುವುದಿಲ್ಲ.

ಆದರೆ ಹುಲ್ಲೇ ಬೇಕೆಂದು ಯಾರು ಹೇಳಿದರು?

ಗಾಲ್ಫ್ ಇಂಡಿಯಾಕ್ಕೆ ಬಂದದ್ದು ಬ್ರಿಟಿಷರ ಜೊತೆಗೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಒಣಹವೆಯ ದಂಡಿನ ಊರುಗಳಲ್ಲಿ ಅವರಿಗೂ ಹಸಿರು ಹುಲ್ಲು ಸಿಗಲಿಲ್ಲ. ಆಗ ಗುಳಿಯ ಸುತ್ತ ಮಣ್ಣು, ಮರಳು ಹರಡಿ, ಎಣ್ಣೆ ಚಿಮುಕಿಸಿ, ಉರುಳೆ ಎಳೆದು ನೆಲ ನುಣುಪು ಮಾಡಿಕೊಂಡರು. ಅದನ್ನು ಬ್ರೌನ್ ಎಂದು ಕರೆದರು. ಕಂದು ನೆಲ. ಚೆಂಡು ಅದರ ಮೇಲೂ ಚೆನ್ನಾಗಿಯೇ ಉರುಳುತ್ತಿತ್ತು. ಎಷ್ಟೋ ಕಡೆ ದಶಕಗಟ್ಟಲೆ ಅಂಥ ನೆಲದ ಮೇಲೆಯೇ ಆಟ ನಡೆಯಿತು.

ಕೇಳುಗರೇ, ಇದಕ್ಕಿಂತ ಒಳ್ಳೆಯ ಕಂದು ನೆಲ ಮಾಡುವ ಕಲೆ ನಮ್ಮ ರೈತರಿಗೆ ಗೊತ್ತಿತ್ತು. ಅದೇ ಕಣ.

ರಾಗಿ ಕೊಯ್ಲಾದ ಮೇಲೆ ಕಣ ಮಾಡುವುದನ್ನು ಕಂಡವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಕಾಣದವರಿಗಾಗಿ ಹೇಳುತ್ತೇನೆ. ಗಾಳಿ ಬೀಸುವ ಎತ್ತರದ ಜಾಗ ಆರಿಸುತ್ತಾರೆ. ಗುದ್ದಲಿಯಿಂದ ಹುಲ್ಲಿನ ಬೇರು ಸಮೇತ ಮೇಲ್ಪದರ ಕೆತ್ತುತ್ತಾರೆ. ಕಲ್ಲು, ಹರಳು ಆರಿಸಿ ಎಸೆಯುತ್ತಾರೆ. ನೀರು ಚೆಲ್ಲಿ ನೆನೆಸುತ್ತಾರೆ. ಎತ್ತುಗಳನ್ನು ಸುತ್ತ ನಡೆಸಿ ತುಳಿಸುತ್ತಾರೆ. ಬಳಿಕ ರೋಣಗಲ್ಲು ಎಳೆಸುತ್ತಾರೆ. ರೋಣಗಲ್ಲು ಎಂದರೆ ಎತ್ತು ಕಟ್ಟಿ ಉರುಳಿಸುವ ಕಲ್ಲಿನ ಗುಂಡು. ಕೊನೆಗೆ ಸಗಣಿ ನೀರು ಕದಡಿ, ಪೊರಕೆಯಿಂದ ಸಾರಿಸುತ್ತಾರೆ. ಒಣಗಿದ ಮೇಲೆ ಅಲ್ಲಿ ಒಂದು ರಾಗಿ ಕಾಳು ಬಿದ್ದರೂ ಗುಡಿಸಿ ತೆಗೆಯಬಹುದು. ಬಿರುಕಿಲ್ಲ, ಧೂಳಿಲ್ಲ, ಹರಳಿಲ್ಲ. ರಾಗಿಯ ಕಾಳು ಎಷ್ಟು ಸಣ್ಣದು ಎಂಬುದನ್ನು ನೆನೆಸಿಕೊಂಡರೆ ಆ ನೆಲದ ನುಣುಪು ನಿಮಗೆ ಅಂದಾಜಾಗುತ್ತದೆ. ಅಂಥ ನೆಲದ ಮೇಲೆ ಚೆಂಡು ಹೇಗೆ ಉರುಳೀತೆಂದು ನೀವೇ ಊಹಿಸಿ.

ಒಕ್ಕಣೆ ಮುಗಿದು ರಾಗಿ ಮನೆ ಸೇರಿದ ಮೇಲೆ ಕಣ ಖಾಲಿ. ಸಂಕ್ರಾಂತಿ ಕಳೆದು ಮುಂಗಾರಿನವರೆಗೆ ನಾಲ್ಕೈದು ತಿಂಗಳು ಮಕ್ಕಳದೇ ರಾಜ್ಯ. ಆಟದ ಬಯಲಿಗೆಂದು ಯಾರೂ ಪ್ರತ್ಯೇಕ ಕಾಸು ಖರ್ಚು ಮಾಡಿರಲಿಲ್ಲ. ಈಗ ರಾಗಿ ಹುಲ್ಲನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿಯ ಗಾಲಿ ಒಕ್ಕಣೆ ಮಾಡುತ್ತದೆ. ಇಲ್ಲವೇ ಯಂತ್ರ ಬಂದು ಹೊಲದಲ್ಲೇ ಮುಗಿಸುತ್ತದೆ. ರೈತನಿಗೆ ಆಳು ಸಿಗದ ಕಾಲ, ಅವನನ್ನು ದೂರಲಾರೆ. ಆದರೆ ಕಣದ ಜೊತೆಗೆ ಊರಿನ ಒಂದು ಆಟದ ಬಯಲೂ ಹೋಯಿತು ಎಂಬುದನ್ನು ಯಾರಾದರೂ ಹೇಳಬೇಕು.

ಮತ್ತೊಮ್ಮೆ ನೆನಪಿಸುತ್ತೇನೆ. ಗುಳಿ ತೋಡುವುದು ಮಕ್ಕಳಿಗೆ ಗೊತ್ತು. ಗುಳಿಯ ಸುತ್ತ ನೆಲ ಹದ ಮಾಡುವುದು ರೈತರಿಗೆ ಗೊತ್ತು. ಈಗ ಕೋಲು ಮತ್ತು ಚೆಂಡಿನ ಮಾತು. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಉತ್ತರ ಚನ್ನಪಟ್ಟಣದಲ್ಲಿದೆ.

1502ರಲ್ಲಿ ಸ್ಕಾಟ್ಲೆಂಡಿನ ದೊರೆ ನಾಲ್ಕನೇ ಜೇಮ್ಸ್ ಗಾಲ್ಫ್ ಕೋಲು ಕೊಂಡದ್ದು ಒಬ್ಬ ಬಿಲ್ಲು ಮಾಡುವವನಿಂದ. ಆಗ ಆಟದ ಸಾಮಾನಿಗೆ ಬೇರೆ ಕಾರ್ಖಾನೆ ಇರಲಿಲ್ಲ. ಮರದ ಕೆಲಸ ಬಲ್ಲವನೇ ಮಾಡಿಕೊಡುತ್ತಿದ್ದ. ಚನ್ನಪಟ್ಟಣದ ಕುಶಲಕರ್ಮಿಗಳು ತಲೆಮಾರುಗಳಿಂದ ಹಾಲೆ ಮರವನ್ನು ತಿರುಗಣಿಗೆ ಕೊಟ್ಟು ಬುಗುರಿ, ಗಿಲಕಿ, ಗೊಂಬೆ ಕಡೆಯುತ್ತಾ ಬಂದಿದ್ದಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜುವಿಕೆಯ ಕಾವಿಗೇ ಅರಗು ಕರಗಿ ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ನಿಂಬೆಹಣ್ಣಿನ ಗಾತ್ರದ ಒಂದು ಮರದ ಚೆಂಡು ಕಡೆಯುವುದು ಅವರಿಗೆ ಕಷ್ಟದ ಕೆಲಸವಲ್ಲ. ಹಾಲೆ ಮರ ಹಗುರ. ಮಕ್ಕಳ ಆಟಕ್ಕೆ ಹಗುರವೇ ಒಳ್ಳೆಯದು, ಏಟು ಬಿದ್ದರೂ ಪೆಟ್ಟು ಕಡಿಮೆ. ಕ್ಲಬ್ಬಿನ ಗಟ್ಟಿ ಚೆಂಡನ್ನು ಊರೊಳಗೆ ಮಕ್ಕಳ ಕೈಗೆ ಕೊಡಬೇಡಿ ಎಂದು ಇಲ್ಲೇ ಹೇಳಿಬಿಡುತ್ತೇನೆ. ಅದು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಹೊಡೆಯುವವನ ಮುಂದೆ ಯಾರೂ ನಿಲ್ಲಬಾರದು, ಹಿಂದೆ ನಾಲ್ಕು ಮಾರು ದೂರ ಇರಬೇಕು. ಚಿನ್ನಿ ದಾಂಡಿನ ಎಚ್ಚರವೇ ಇಲ್ಲಿಗೂ ಸಲ್ಲುತ್ತದೆ.

ಇನ್ನು ಗುಳಿಗಳನ್ನು ಎಲ್ಲಿ ತೋಡುವುದು? ನನ್ನ ಸಲಹೆ ಐದು ಗುಳಿ. ಲೀತ್‌ನವರಿಗೆ ಸಾಲಿದ್ದು ನಮಗೂ ಸಾಕು. ನಾಲ್ಕನ್ನು ಆಯಾ ಊರಿನ ನೆಲಕ್ಕೆ ತಕ್ಕಂತೆ ತೋಡಿ.

ರಾಮನಗರದ ಕಡೆಯವರಾದರೆ ಹಾಸುಬಂಡೆಯನ್ನು ಬಿಟ್ಟು ಆಟ ಕಟ್ಟಲಾಗದು. ಇಲ್ಲಿನ ಬಂಡೆ ಸುಮಾರು 250 ಕೋಟಿ ವರ್ಷದ ಹಳೆಯದು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಈ ಕಲ್ಲನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಬಂಡೆಯ ಮೇಲೆ ಬಿದ್ದ ಚೆಂಡು ನೀವು ಅಂದುಕೊಂಡ ಕಡೆ ಹೋಗುವುದಿಲ್ಲ. ಇಳಿಜಾರು ಹಿಡಿದು ಉರುಳುತ್ತಲೇ ಇರುತ್ತದೆ. ಆದ್ದರಿಂದ ಗುಳಿ ಬಂಡೆಯ ಬುಡದಲ್ಲಿರಲಿ, ಮಳೆನೀರು ಹೊತ್ತು ತಂದ ಸಣ್ಣ ಮರಳು ಕೂತ ಜಾಗದಲ್ಲಿ. ಬಂಡೆಯ ಯಾವ ಮೈಗೆ ಹೊಡೆದರೆ ಚೆಂಡು ತಿರುಗಿ ಗುಳಿಯ ಕಡೆ ಬರುತ್ತದೆ ಎಂದು ಹುಡುಗರು ಒಂದೇ ವಾರದಲ್ಲಿ ಕಂಡುಹಿಡಿಯುತ್ತಾರೆ. ಬೇರೆ ಊರಿನವನು ಬಂದರೆ ಸೋಲುತ್ತಾನೆ. ಅಂಥ ಗುಳಿಯನ್ನು ದುಡ್ಡು ಕೊಟ್ಟು ಕಟ್ಟಿಸಲಾಗದು. ಒಂದು ಮಾತು ನೆನಪಿರಲಿ, ರಾಮದೇವರ ಬೆಟ್ಟ ರಣಹದ್ದುಗಳ ರಕ್ಷಿತ ತಾಣ. ಅದರ ಆಸುಪಾಸು ಆಟ ಬೇಡ, ಗಲಾಟೆ ಬೇಡ. ಊರ ಮಗ್ಗುಲಲ್ಲಿ ಬೇಕಾದಷ್ಟು ಬಂಡೆಗಳಿವೆ.

ಮಾಗಡಿ ಕಡೆ ಕೆರೆ ಏರಿಗಳಿವೆ. ಏರಿಯ ಒಂದು ಬದಿಯಿಂದ ಹೊಡೆದು ಇನ್ನೊಂದು ಬದಿಯ ಗುಳಿಗೆ ತಲುಪಿಸಬೇಕು. ಗುಳಿ ಕಾಣುವುದಿಲ್ಲ. ಏರಿಯ ಮೇಲೆ ಒಬ್ಬ ನಿಂತು ಕೂಗಿ ಹೇಳಬೇಕು. ಆದರೆ ಏರಿಯ ಮೇಲೆ ಮಾತ್ರ ಎಂದೂ ಗುಳಿ ತೋಡಬೇಡಿ. ಅದು ಕೆರೆಯನ್ನು ಕಾಯುವ ಮಣ್ಣು. ಕನಕಪುರದಲ್ಲಿ ಅರ್ಕಾವತಿಯ ದಂಡೆ, ಹುಣಸೆ ಮರದ ನೆರಳು. ಚನ್ನಪಟ್ಟಣದ ತೆಂಗಿನ ತೋಟದಲ್ಲಿ ಮರಗಳ ಸಾಲಿನ ನಡುವೆ ನೇರವಾಗಿ ಹೊಡೆಯುವವನೇ ಜಾಣ. ಐದನೆಯದು ಎಲ್ಲ ಊರಿಗೂ ಸಮಾನ: ಕಣದ ಗುಳಿ. ಅಲ್ಲಿ ಬಲ ಬೇಡ, ಕೈ ಹದ ಸಾಕು. ಅಜ್ಜಂದಿರೂ ಆಡಬಹುದು.

ಗಾಲ್ಫ್‌ನಲ್ಲಿ ಸ್ಥಳೀಯ ನಿಯಮ ಎಂಬ ಏರ್ಪಾಡು ಇದೆ. ಆಯಾ ಮೈದಾನಕ್ಕೆ ಬೇಕಾದ ಕೆಲವು ನಿಯಮಗಳನ್ನು ಅಲ್ಲಿಯವರೇ ಮಾಡಿಕೊಳ್ಳಬಹುದು. ನಮ್ಮ ಮಕ್ಕಳೂ ಮಾಡಿಕೊಳ್ಳಲಿ. ಚೆಂಡು ಸಗಣಿಗೆ ಬಿದ್ದರೆ ಎತ್ತಿ ಒರೆಸಿ ಪಕ್ಕಕ್ಕಿಡುವುದು. ಹಿಪ್ಪುನೇರಳೆ ತೋಟಕ್ಕೆ ಬಿದ್ದರೆ ಆ ಏಟು ಹೋಯಿತು, ಒಳಗೆ ನುಗ್ಗುವಂತಿಲ್ಲ. ದನ ಅಡ್ಡ ಬಂದರೆ ದನ ಹೋಗುವವರೆಗೆ ಕಾಯುವುದು. ಇದನ್ನೆಲ್ಲ ಮಕ್ಕಳು ಜಗಳವಾಡಿ, ಕೂತು, ಒಪ್ಪಿಕೊಂಡು ಮಾಡುತ್ತಾರೆ. ಆ ಜಗಳಕ್ಕೆ ದೊಡ್ಡವರು ತಲೆ ಹಾಕದಿದ್ದರೆ ಸಾಕು.

ಗುಳಿ ಆಯಿತು, ಕಣ ಆಯಿತು, ಕೋಲು ಚೆಂಡು ಆಯಿತು. ಇನ್ನು ಉಳಿದದ್ದು ಕಡಿಮೆಯಾಗುತ್ತಿರುವ ಆ ಒಂದು. ನೆಲ.

ಹಳೆಯ ಮೈಸೂರು ಸೀಮೆಯ ಊರುಗಳಿಗೆ ಗೋಮಾಳ ಇತ್ತು, ಗುಂಡುತೋಪು ಇತ್ತು, ಜಾತ್ರೆ ಮಾಳ ಇತ್ತು. ಇವು ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತು. ಕರ್ನಾಟಕದ ಭೂಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕು. ಬರಹದಲ್ಲಿ ಹೀಗಿದೆ. ನೆಲದ ಮೇಲೆ ನಡೆದು ನೋಡಿದರೆ ಒತ್ತುವರಿ ಬೇಲಿ, ಲೇಔಟಿನ ಕಲ್ಲು, ಜಲ್ಲಿ ಕ್ವಾರಿ. ಬೆಂಗಳೂರು ಹತ್ತಿರವಾದಷ್ಟೂ ಗುಂಟೆಯ ಬೆಲೆ ಏರುತ್ತದೆ. ಗುಂಟೆಯ ಬೆಲೆ ಏರಿದಷ್ಟೂ ಎಲ್ಲರ ನೆಲ ಸವೆಯುತ್ತದೆ. ಮಕ್ಕಳು ರಸ್ತೆಯ ಅಂಚಿಗೆ ಬಂದು ಆಡುತ್ತಾರೆ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ.

ಸೇಂಟ್ ಆಂಡ್ರೂಸ್‌ಗೂ ಇದೇ ಗತಿ ಬಂದಿತ್ತು. 1797ರಲ್ಲಿ ಪಟ್ಟಣದ ಆಡಳಿತ ಸಾಲದಲ್ಲಿ ಮುಳುಗಿ ಆ ಸಾರ್ವಜನಿಕ ನೆಲವನ್ನು ಮಾರಿಬಿಟ್ಟಿತು. ಅದು ಮೊಲ ಸಾಕುವ ವ್ಯಾಪಾರಿಗಳ ಕೈಸೇರಿತು. ಮೊಲಗಳು ನೆಲವನ್ನೆಲ್ಲ ತೋಡಿಹಾಕಿದವು. ಆಡುವವರಿಗೂ ಮೊಲದವರಿಗೂ ಸುಮಾರು 20 ವರ್ಷ ವ್ಯಾಜ್ಯ, ಹೊಡೆದಾಟ. 1821ರಲ್ಲಿ ಗಾಲ್ಫ್ ಪ್ರೀತಿಯ ಜಮೀನ್ದಾರನೊಬ್ಬ ಆ ನೆಲ ಕೊಂಡು ಆಟವನ್ನು ಉಳಿಸಿದ. ಕೊನೆಗೆ 1894ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಪಟ್ಟಣವೇ ಅದನ್ನು ಮರಳಿ ಪಡೆಯಿತು. ಇವತ್ತು ಪ್ರಪಂಚದ ದೊಡ್ಡ ದೊಡ್ಡ ಪಂದ್ಯಗಳು ನಡೆಯುವುದು ಆ ಸಾರ್ವಜನಿಕ ನೆಲದ ಮೇಲೆ. ಭಾನುವಾರ ಅಲ್ಲಿನ ಹಳೆಯ ಮೈದಾನದಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಊರಿನ ಜನ ಮಕ್ಕಳು ಮರಿ, ನಾಯಿ ಸಮೇತ ಅಡ್ಡಾಡುತ್ತಾರೆ. ಕೈಬಿಟ್ಟ ನೆಲವನ್ನು ಸುಮಾರು 100 ವರ್ಷದ ಮೇಲೂ ಒಂದು ಊರು ಮರಳಿ ಪಡೆಯಿತು. ನಮ್ಮ ಎಷ್ಟೋ ಊರುಗಳಲ್ಲಿ ಗೋಮಾಳ ಇನ್ನೂ ಪೂರ್ತಿ ಕೈಬಿಟ್ಟಿಲ್ಲ.

ಆದ್ದರಿಂದ ಕೇಳುಗರಲ್ಲಿ ಎರಡು ಕೋರಿಕೆ. ಮುಂದಿನ ಗ್ರಾಮಸಭೆಗೆ ಹೋದಾಗ ನಿಮ್ಮ ಊರಿನ ಗೋಮಾಳದ, ಗುಂಡುತೋಪಿನ ಸರ್ವೆ ನಂಬರು ಕೇಳಿ. ವಿಸ್ತೀರ್ಣ ಎಷ್ಟು, ಈಗ ಉಳಿದದ್ದು ಎಷ್ಟು ಎಂದು ಕೇಳಿ. ಅಳತೆ ಮಾಡಿಸಿ ಗಡಿಗೆ ಕಲ್ಲು ನೆಡಲು ಅರ್ಜಿ ಕೊಡಿ. ಅರ್ಜಿಯ ಪ್ರತಿಗೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ಎರಡನೆಯದು, ಈ ಸಲ ರಾಗಿ ಕೊಯ್ಲಾದ ಮೇಲೆ ಆ ನೆಲದ ಒಂದು ಮೂಲೆಯಲ್ಲಿ ಮಕ್ಕಳಿಗೆ ಒಂದು ಸಣ್ಣ ಕಣ ಮಾಡಿಕೊಡಿ. ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ ಸಾಕು. ಮಾಡುವ ರೀತಿ ಊರಿನ ಹಿರಿಯರಿಗೆ ಗೊತ್ತಿರುತ್ತದೆ, ಅವರನ್ನು ಕರೆಯಿರಿ. ಸಾರಿಸಿ ಒಣಗಿದ ಮೇಲೆ ಗುಳಿ ಎಲ್ಲಿ ತೋಡಬೇಕೆಂಬುದನ್ನು ಮಕ್ಕಳಿಗೆ ಬಿಡಿ.